ಬೆಟ್ಟ ಅಗೆದು ಇಲಿ ಹಿಡಿದವಳು

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ತವರಿಗೆ ಹೋಗಿದ್ದೆ. ಹರಿಹರಕ್ಕೂ ಭಾನುವಳ್ಳಿಗೂ ಬಸ್ಸಿನಲ್ಲಿ ಎಷ್ಟರ ದೂರ! ಆದರೂ ಈಗ ವರ್ಷಕ್ಕೊಂದು ಸಲ ಹೋದರೆ ಹೆಚ್ಚು. ಪಡಸಾಲೆಯಲ್ಲಿ ಭತ್ತದ ಚೀಲ ಒಟ್ಟಿದ್ದರು. ತಮ್ಮ ಚೀಲಗಳ ಸಂದಿಯಲ್ಲಿ ಕೂತು ಇಲಿ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸುತ್ತಿದ್ದ. ನನ್ನನ್ನು ನೋಡಿದವನೇ, ಕುಶಲ ಕೇಳುವುದಕ್ಕೂ ಮೊದಲು, "ಅಕ್ಕಾ, ನಿನ್ನ ಸೊಸೆ ಓದು ಬಿಡ್ತೀನಿ ಅಂತ ಕುಂತಾಳೆ. ಐದು ವರ್ಷ ಆತು. ಬೆಟ್ಟ ಅಗ್ದು ಇಲಿ ಹಿಡ್ದಂಗಾತು ನೋಡು" ಅಂದ.

ಗಾದೆ ಆ ಸಂದರ್ಭಕ್ಕೆ ಎಷ್ಟು ಹೊಂದಿಕೊಂಡಿತೆಂದರೆ ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಸೊಸೆ ಅಂದರೆ ಸೋದರ ಸೊಸೆ, ಇವನ ಮಗಳು. ದಾವಣಗೆರೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ದೂರದ ಊರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗೆ ಸೇರಿದವಳು. ಊರು ಯಾವುದು, ಸಂಸ್ಥೆ ಯಾವುದು ಎನ್ನುವುದು ಇಲ್ಲಿ ಬೇಡ. ಸೊಳ್ಳೆಯಿಂದ ಹರಡುವ ಮೆದುಳು ಜ್ವರದ ವೈರಸ್ಸನ್ನು ಇಲಿಗಳಿಗೆ ಚುಚ್ಚಿ, ಅವುಗಳ ಮೆದುಳಿನಲ್ಲಿ ಏನಾಗುತ್ತದೆಂದು ನೋಡುವುದು ಅವಳ ಕೆಲಸ. ಮದುವೆ ಮಾತಿಗೆ ಬಂದವರು "ಹುಡುಗಿ ಏನ್ ಮಾಡ್ತಾಳೆ?" ಎಂದು ಕೇಳಿದಾಗ ನಮ್ಮಮ್ಮ "ಇಲಿ ಸಾಕ್ತಾಳೆ" ಎಂದುಬಿಟ್ಟಿದ್ದಳು. ಆ ಸಂಬಂಧ ಅಲ್ಲಿಗೇ ನಿಂತಿತು.

ಅವಳು ಓದು ಬಿಡುತ್ತೇನೆ ಎಂದು ಅಪ್ಪನಿಗೆ ಹೇಳಲು ಒಂದೂವರೆ ವರ್ಷ ಹಿಡಿಯಿತಂತೆ. ಹಾಗೆ ತಡವಾಗುವುದಕ್ಕೆ ನಾನೂ ಕಾರಣಳು. ಅದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಬರೆಯುವ ಹಾಗಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಮಹಿಳಾ ಸಮಾಜದ ವಾರ್ಷಿಕ ಸಂಚಿಕೆಗೆ ನಾನು ಅವಳ ಮೇಲೊಂದು ಲೇಖನ ಬರೆದೆ. ಹೆಸರು 'ಬಿಳಿ ಕೋಟಿನ ದುರ್ಗೆ'. ಕಣ್ಣಿಗೆ ಕಾಣದ ವೈರಿಯೊಡನೆ ಹೋರಾಡುವ ವೀರವನಿತೆ, ಹಳ್ಳಿಯ ಮಣ್ಣಿನಿಂದ ಎದ್ದ ಜ್ಞಾನಜ್ಯೋತಿ, ನಾಳೆ ನಾಡಿಗೇ ಲಸಿಕೆ ಕೊಡಲಿರುವ ಕೈಗಳು, ಇಂಥ ಮಾತುಗಳನ್ನೆಲ್ಲ ಅದರಲ್ಲಿ ತುಂಬಿದ್ದೆ. ಸಮಾಜದಲ್ಲಿ ಚಪ್ಪಾಳೆ ಬಿತ್ತು. ತಮ್ಮ ಅದರ ಪ್ರತಿಗಳನ್ನು ಊರಲ್ಲಿ ಹಂಚಿದ. ಹಾಲಿನ ಡೈರಿ ಕಟ್ಟೆಯ ಮೇಲೂ ಒಂದು ಪ್ರತಿ ಇತ್ತಂತೆ. ಅವಳಿಗೂ ಕಳಿಸಿದೆ. ಹದಿನೈದು ದಿನ ಉತ್ತರವಿಲ್ಲ. ಆಮೇಲೆ ಫೋನಿನಲ್ಲಿ ಅಂದಳು: "ಅತ್ತೆ, ಚೆನ್ನಾಗೈತೆ. ಆದ್ರೆ ನೀ ಬರ್ದಿರೋ ಹುಡುಗಿ ಒಂದು ಇಲೀನೂ ಮುಟ್ಟೋದಿಲ್ಲ."

ಮೂವತ್ತು ವರ್ಷದಿಂದ ಪುಸ್ತಕ ವಿಮರ್ಶೆ ಎಂದು ಅಲ್ಲಿ ಇಲ್ಲಿ ಬರೆದುಕೊಂಡು ಬಂದವಳು ನಾನು. ನನ್ನ ಬರಹಕ್ಕೆ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ವಿಮರ್ಶೆ ಇನ್ನೊಂದು ಬಂದಿಲ್ಲ. ಹೊತ್ತಿಗೆ ತೆಗೆದು ನೋಡಿದರೆ ನಿಜ. ನಾಲ್ಕು ಪುಟದ ಲೇಖನದಲ್ಲಿ 'ಇಲಿ' ಎಂಬ ಶಬ್ದವೇ ಇರಲಿಲ್ಲ. ನಾನು ಬೇಕೆಂದೇ ಬಿಟ್ಟಿದ್ದೆ. ಓದುವವರಿಗೆ ಅಸಹ್ಯವಾದೀತು, ಹುಡುಗಿಯ ಮದುವೆಗೆ ತೊಡಕಾದೀತು ಎಂದು.

ಹೀಗೆ ಬರೆಯುವುದನ್ನು ನಾನು ಎಲ್ಲಿ ಕಲಿತೆ? ನಮ್ಮ ಓದಿನಿಂದಲೇ ಕಲಿತಿರಬೇಕಲ್ಲವೆ?

ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಲೆಕ್ಕ ಹಾಕಿದೆ. ಕನ್ನಡದಲ್ಲಿ ಡಾಕ್ಟರಮ್ಮಂದಿರಿಗೆ ಬರವಿಲ್ಲ. ಕಾದಂಬರಿಗಳ ನಾಯಕಿಯರಲ್ಲಿ ಎಷ್ಟು ಜನ ಡಾಕ್ಟರುಗಳು! ಬರೆದವರಲ್ಲೂ ಇದ್ದಾರೆ. 'ತಾಯಿ ಮಗು', 'ದಾಂಪತ್ಯ ದೀಪಿಕೆ' ಬರೆದ ಅನುಪಮಾ ನಿರಂಜನ ನಮ್ಮ ತಲೆಮಾರಿನ ಹೆಂಗಸರಿಗೆ ತಮ್ಮ ಮೈಯ ವಿಷಯವನ್ನು ತಾವೇ ತಿಳಿದುಕೊಳ್ಳುವ ಧೈರ್ಯ ಕೊಟ್ಟವರು. ನಮ್ಮ ಹರಿಹರದ ಕಡೆಯವರೇ ಆದ ಡಾ. ಎಚ್. ಗಿರಿಜಮ್ಮ ವೈದ್ಯವೃತ್ತಿಯ ಜೊತೆಗೇ ಕತೆ ಕಾದಂಬರಿ ಬರೆದರು. ಡಾಕ್ಟರಿಕೆಯ ಕತೆ ಬರೆಯುವುದಕ್ಕೆ ಒಂದು ಅನುಕೂಲವಿದೆ. ಎದುರಿಗೆ ರೋಗಿ ಇರುತ್ತಾನೆ, ನೋವು ಇರುತ್ತದೆ, ಗುಣವಾದ ಮೇಲೆ ಕೈ ಮುಗಿಯುವವರು ಇರುತ್ತಾರೆ. ಪ್ರಯೋಗಾಲಯದವಳ ಎದುರಿಗೆ ಇರುವುದು ಪಂಜರ. ಇಲಿ ಕೈ ಮುಗಿಯುವುದಿಲ್ಲ. ಆದ್ದರಿಂದಲೋ ಏನೋ, ಅವಳು ನನ್ನ ಕಪಾಟಿನಲ್ಲಿ ಎಲ್ಲೂ ಸಿಗಲಿಲ್ಲ.

ವಿಜ್ಞಾನಿಯ ಕತೆ ಎಂದರೆ ನಮಗೆ ಥಟ್ಟನೆ ನೆನಪಾಗುವುದು ತೇಜಸ್ವಿಯವರ 'ಕರ್ವಾಲೊ'. ೧೯೮೦ರ ಪುಸ್ತಕ. ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಆ ತಂಡದಲ್ಲಿ ದೊಡ್ಡ ವಿಜ್ಞಾನಿಗೂ ದಾರಿ ತೋರಿಸುವವನು ಮಂದಣ್ಣ. ವಿಜ್ಞಾನ ಎನ್ನುವುದು ಒಬ್ಬ ಮೇಧಾವಿಯ ತಲೆಯಿಂದ ಮಾತ್ರ ಬರುವುದಲ್ಲ, ಹಳ್ಳಿಯವನ ಕಣ್ಣಿಗೂ ಅದರಲ್ಲಿ ಪಾಲಿದೆ ಎಂದು ಅಷ್ಟು ಚೆಂದವಾಗಿ ಹೇಳಿದ ಪುಸ್ತಕ ಇನ್ನೊಂದಿಲ್ಲ. ಆದರೆ ಈ ಸಲ ಓದುವಾಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಒಂದು, ಆ ತಂಡದಲ್ಲಿ ನಾಯಿಗೂ ಜಾಗವಿದೆ, ಹೆಂಗಸಿಗೆ ಇಲ್ಲ. ಎರಡು, ಕೊನೆಗೆ ಓತಿ ಕೈಗೆ ಸಿಗುವುದಿಲ್ಲ. ಅಷ್ಟು ದಿನದ ಅಲೆದಾಟ, ಅಷ್ಟು ಖರ್ಚು, ಕಡೆಗೆ ಬರಿಗೈ. ಆದರೂ ಅದನ್ನು ಓದಿದ ಯಾರೊಬ್ಬರೂ 'ದಂಡವಾಯಿತು' ಎನ್ನುವುದಿಲ್ಲ. ಪುಸ್ತಕ ಮುಚ್ಚಿ ಆಕಾಶ ನೋಡುತ್ತಾ ಕೂರುತ್ತೇವೆ. ಗಂಡಸರ ತಂಡ ಬರಿಗೈಯಲ್ಲಿ ಬಂದರೆ ಅದು ದರ್ಶನ. ನನ್ನ ಸೊಸೆ ಬರಿಗೈಯಲ್ಲಿ ಬಂದರೆ ಬೆಟ್ಟ ಅಗೆದು ಇಲಿ ಹಿಡಿದದ್ದು. ಇದು ತೇಜಸ್ವಿಯವರ ತಪ್ಪೆಂದು ನಾನು ಹೇಳುತ್ತಿಲ್ಲ. ಅವರ ಪುಸ್ತಕದಿಂದ ನಾವು ಕಲಿತುಕೊಂಡ ಔದಾರ್ಯವನ್ನು ಮನೆಯ ಹುಡುಗಿಯ ತನಕ ತರಲಿಲ್ಲ, ಅಷ್ಟೆ.

ಕಾಲೇಜಿನಲ್ಲಿದ್ದಾಗ ನಮ್ಮ ಮೇಷ್ಟ್ರೊಬ್ಬರು ಪಾಲ್ ಡಿ ಕ್ರೈಫ್ ಎಂಬಾತ ೧೯೨೬ರಲ್ಲಿ ಬರೆದ 'ಮೈಕ್ರೋಬ್ ಹಂಟರ್ಸ್' ಕೊಟ್ಟಿದ್ದರು. ರೋಗಾಣುಗಳನ್ನು ಬೇಟೆಯಾಡಿದವರ ಕತೆ. ಒಬ್ಬೊಬ್ಬರದೂ ಸಾಹಸ, ಎಲ್ಲರೂ ಗಂಡಸರು. ರಾಬರ್ಟ್ ಕಾಖ್ ಜರ್ಮನಿಯ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದುಕೊಂಡು, ಕುರಿ ದನಗಳ ನೆರಡಿ ರೋಗದ ರಕ್ತವನ್ನು ಮರದ ಸಿಬಿರಿಗೆ ಹಚ್ಚಿ ಇಲಿಗಳಿಗೆ ಚುಚ್ಚಿದ ಭಾಗವನ್ನು ಉಸಿರು ಬಿಗಿಹಿಡಿದು ಓದಿದ್ದೆ. ಅವನಿಗೆ ಸೂಕ್ಷ್ಮದರ್ಶಕವನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟವಳು ಹೆಂಡತಿ. ಕೊಟ್ಟ ಮೇಲೆ ಅವಳಿಗೆ ಕತೆಯಲ್ಲಿ ಹೆಚ್ಚು ಕೆಲಸವಿಲ್ಲ.

ಆ ಕಾಖ್‌ನ ಪ್ರಯೋಗಾಲಯದ್ದೇ ಇನ್ನೊಂದು ಸಂಗತಿ ಬಹಳ ತಡವಾಗಿ ನನಗೆ ತಿಳಿಯಿತು. ರೋಗಾಣುಗಳನ್ನು ಬೆಳೆಸಲು ಅಲ್ಲಿ ಜೆಲಾಟಿನ್ ಬಳಸುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಹೆಸ್ಸೆ ಎಂಬವನ ಹೆಂಡತಿ ಫ್ಯಾನಿ ೧೮೮೧ರಲ್ಲಿ, ತಾನು ಅಡಿಗೆಮನೆಯಲ್ಲಿ ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರ್-ಅಗರ್ ಹಾಕಿ ನೋಡಿ ಎಂದಳು. ನಾವು ಚೀನಾ ಗ್ರಾಸ್ ಎಂದು ಅಂಗಡಿಯಲ್ಲಿ ತರುತ್ತೇವಲ್ಲ, ಅದೇ. ಇವತ್ತಿಗೂ ದಾವಣಗೆರೆಯ ಯಾವ ಲ್ಯಾಬಿನಲ್ಲಿ ಗಂಟಲ ದ್ರವ, ಮೂತ್ರ ಪರೀಕ್ಷೆಗೆ ಕೊಟ್ಟರೂ ಅವರು ಅದನ್ನು ಬೆಳೆಸುವುದು ಅಗರ್ ತಟ್ಟೆಯ ಮೇಲೆ. ೧೮೮೨ರಲ್ಲಿ ಕಾಖ್ ಅಗರ್ ಬಳಸಿದ ಮಾತು ಬರೆದ. ಫ್ಯಾನಿಯ ಹೆಸರು ಬರೆಯಲಿಲ್ಲ.

ಇನ್ನು ಸಿನಿಮಾ. ೨೦೨೩ರಲ್ಲಿ ಬಂದ 'ದಿ ವ್ಯಾಕ್ಸಿನ್ ವಾರ್' ಚಿತ್ರವನ್ನು ಮಗನ ಮನೆಯ ಟೀವಿಯಲ್ಲಿ ನೋಡಿದೆ. ವಿವೇಕ್ ಅಗ್ನಿಹೋತ್ರಿ ನಿರ್ದೇಶಿಸಿದ್ದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ನಿರ್ದೇಶಕಿಯಾಗಿದ್ದ ಪ್ರಿಯಾ ಅಬ್ರಹಾಂ ಅವರ ಪಾತ್ರದಲ್ಲಿ ಪಲ್ಲವಿ ಜೋಶಿ ಇದ್ದಾರೆ. ನಮ್ಮ 'ಕಾಂತಾರ'ದ ಸಪ್ತಮಿ ಗೌಡ ಕಿರಿಯ ವಿಜ್ಞಾನಿಯಾಗಿದ್ದಾರೆ. ಹೆಣ್ಣುಮಕ್ಕಳನ್ನೇ ನಡುವೆ ನಿಲ್ಲಿಸಿ ಪ್ರಯೋಗಾಲಯದ ಕತೆ ಹೇಳಿದ್ದು ಸಣ್ಣ ಮಾತಲ್ಲ. ಮನೆಯಲ್ಲಿ ಮಗುವನ್ನು ಬಿಟ್ಟು ಬಂದವರ ಸಂಕಟವೂ ಅದರಲ್ಲಿದೆ. ಪ್ರಯೋಗಕ್ಕೆ ಮಂಗಗಳನ್ನು ಹುಡುಕುವ ಭಾಗವೂ ಇದೆ. ಆದರೆ ಹೆಸರಿನಲ್ಲೇ 'ಯುದ್ಧ' ಇದೆಯಲ್ಲ. ಯುದ್ಧವೆಂದ ಮೇಲೆ ಶತ್ರು ಬೇಕು. ವೈರಸ್ ಸಾಲದೆಂದು ಪತ್ರಕರ್ತೆಯೊಬ್ಬಳನ್ನು ಖಳನಾಯಕಿ ಮಾಡಿದ್ದಾರೆ. ಯುದ್ಧವೆಂದ ಮೇಲೆ ಗೆಲುವೂ ಬೇಕು. ಎರಡು ಮುಕ್ಕಾಲು ಗಂಟೆಯೊಳಗೆ ಅದು ಬರಲೂಬೇಕು. ಗೆಲ್ಲದೆ, ಸೋಲದೆ, ಎಂಟನೆಯ ಸಲವೂ ಅದೇ ಪ್ರಯೋಗವನ್ನು ಮಾಡುವವಳಿಗೆ ಅಂಥ ಚಿತ್ರದಲ್ಲಿ ಜಾಗ ಎಲ್ಲಿ? ನೋಡುತ್ತಾ ನೋಡುತ್ತಾ ನನ್ನ 'ಬಿಳಿ ಕೋಟಿನ ದುರ್ಗೆ'ಯೇ ಕೋಟಿಗಟ್ಟಲೆ ಖರ್ಚಿನಲ್ಲಿ ತಯಾರಾಗಿ ಬಂದಂತೆ ಕಂಡಿತು. ನಾಚಿಕೆಯಾಯಿತು.

ಹಾಗಾದರೆ ನಿಜವಾದ ಕೆಲಸ ಹೇಗಿರುತ್ತದೆ? ಅದನ್ನು ತಿಳಿಯಲು ನಾವು ಪುಣೆಯ ತನಕ ಹೋಗಬೇಕಿಲ್ಲ. ಭಾನುವಳ್ಳಿಯಿಂದ ಶಿವಮೊಗ್ಗದ ದಾರಿ ಹಿಡಿದು ಸಾಗರ, ಸೊರಬದ ಕಡೆ ಹೊರಟರೆ ಸಾಕು. ೧೯೫೭ರ ಬೇಸಿಗೆಗೆ ಮುಂಚೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಜನರಿಗೂ ಜ್ವರ, ತಲೆ ಸಿಡಿಯುವ ನೋವು, ಕೆಲವರಿಗೆ ಒಸಡು ಮೂಗಿನಲ್ಲಿ ರಕ್ತ. ಮಂಗ ಸತ್ತು ಮನುಷ್ಯನೂ ಸತ್ತದ್ದು ಕಂಡು, ಆಫ್ರಿಕದ ಹಳದಿ ಜ್ವರ ನಮ್ಮಲ್ಲಿಗೆ ಬಂತೇ ಎಂಬ ಭಯ ಹುಟ್ಟಿತು. ಪುಣೆಯಲ್ಲಿ ೧೯೫೨ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಸತ್ತ ಮಂಗಗಳ ಅಂಗಾಂಶ, ರೋಗಿಗಳ ರಕ್ತ ತೆಗೆದುಕೊಂಡು ಹೋದರು. ಆ ರಕ್ತವನ್ನು ಏನು ಮಾಡಿದರು ಎನ್ನುವಲ್ಲಿಗೆ ಬಂದರೆ ನಮ್ಮ ಪತ್ರಿಕೆಗಳ ಲೇಖನಗಳೆಲ್ಲ 'ಪರೀಕ್ಷೆಗೆ ಒಳಪಡಿಸಲಾಯಿತು' ಎಂದು ಒಂದೇ ಮಾತಿನಲ್ಲಿ ದಾಟಿಬಿಡುತ್ತವೆ. ನಾನು ನಿಲ್ಲಬೇಕೆನ್ನುವುದು ಅಲ್ಲಿಯೇ.

ವೈರಸ್ಸನ್ನು ಅಗರ್ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ಅದಕ್ಕೆ ಜೀವಕೋಶವೇ ಬೇಕು. ಆ ಕಾಲಕ್ಕೆ ಸುಲಭವಾಗಿ ಸಿಗುತ್ತಿದ್ದದ್ದು ಹುಟ್ಟಿ ಎರಡು ಮೂರು ದಿನವಾದ ಇಲಿಮರಿ. ಕಣ್ಣು ಬಿಟ್ಟಿರುವುದಿಲ್ಲ, ಕೂದಲು ಬಂದಿರುವುದಿಲ್ಲ, ಬೆರಳಿನ ಗೆಣ್ಣಿನಷ್ಟು ಉದ್ದ. ಅದರ ಮೆದುಳಿಗೆ ಕೂದಲೆಳೆಯಂಥ ಸೂಜಿಯಲ್ಲಿ ಒಂದು ಹನಿ ಚುಚ್ಚಿ ತಾಯಿಯ ಹತ್ತಿರ ಮತ್ತೆ ಬಿಡಬೇಕು. ದಿನಾ ನೋಡಬೇಕು. ಹಾಲು ಕುಡಿಯುತ್ತಿದೆಯೇ, ಕಾಲು ಆಡಿಸುತ್ತಿದೆಯೇ, ತಾಯಿ ಅದನ್ನು ಗೂಡಿನಿಂದ ಆಚೆ ತಳ್ಳಿದ್ದಾಳೆಯೇ. ಮಲೆನಾಡಿನ ಆ ಜ್ವರಕ್ಕೆ ಕಾರಣವಾದ ವೈರಸ್ಸು ಮೊದಲು ತೋರಿಕೊಂಡದ್ದು ಇಂಥ ಮರಿಗಳಲ್ಲಿ. ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಬರುವ ಒಂದು ಜ್ವರದ ದಾಯಾದಿ ಎಂದು ಗೊತ್ತಾಯಿತು.

ಪುಣೆಯಲ್ಲಿ ಬಳಸುತ್ತಿದ್ದದ್ದು ಸ್ವಿಸ್ ಬಿಳಿ ಇಲಿಗಳನ್ನು. ಆ ಇಲಿಗಳ ವಂಶಾವಳಿ ಹುಡುಕಿದರೆ ಅಲ್ಲಿ ಒಬ್ಬ ಹೆಂಗಸು ಸಿಗುತ್ತಾಳೆ. ೧೯೨೬ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಿಂದ ಎರಡು ಗಂಡು, ಏಳು ಹೆಣ್ಣು ಇಲಿಗಳನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ತಂದವಳು ಕ್ಲಾರಾ ಲಿಂಚ್ ಎಂಬ ವಿಜ್ಞಾನಿ. ಜಗತ್ತಿನ ಪ್ರಯೋಗಾಲಯಗಳ ಅಸಂಖ್ಯ ಸ್ವಿಸ್ ಇಲಿಗಳು ಆ ಒಂಬತ್ತರ ಸಂತತಿ. ಅವಳಿಗೂ ಮೊದಲು ಅಮೆರಿಕದ ಗ್ರಾನ್‌ಬಿ ಎಂಬ ಊರಿನಲ್ಲಿ ಅಬೀ ಲಾತ್ರೊಪ್ ಎಂಬ ನಿವೃತ್ತ ಮೇಡಂ ಕೋಳಿ ಸಾಕಣೆ ಕೈಹಿಡಿಯದೆ ೧೯೦೦ರ ಸುಮಾರಿಗೆ ಇಲಿ ಸಾಕತೊಡಗಿದಳು. ಶೋಕಿಗೆ ಇಲಿ ಸಾಕುವವರಿಗೆ ಮಾರುತ್ತಿದ್ದವಳು, ಆಮೇಲೆ ಸಂಶೋಧಕರಿಗೂ ಮಾರಿದಳು. ಕೆಲವು ಇಲಿಗಳ ಮೈಯಲ್ಲಿ ಗಂಟು ಕಂಡು, ಲಿಯೋ ಲೋಬ್ ಎಂಬ ವೈದ್ಯನಿಗೆ ತೋರಿಸಿ, ಕ್ಯಾನ್ಸರಿನ ಮೇಲೆ ಅವನ ಜೊತೆ ತನ್ನ ಹೆಸರಿನಲ್ಲೇ ಪ್ರಬಂಧ ಪ್ರಕಟಿಸಿದಳು. ಇವತ್ತು ಎಲ್ಲ ಕಡೆ ಬಳಕೆಯಲ್ಲಿರುವ ಕಪ್ಪು ಇಲಿಯ ತಳಿ ಅವಳ ಕೊಟ್ಟಿಗೆಯ ಇಲಿಗಳಿಂದ ಬಂದದ್ದು. ಅವಳು ಇಲಿ ಸಾಕುತ್ತಿದ್ದಳು. ನಮ್ಮಮ್ಮ ಹೇಳಿದ್ದರಲ್ಲಿ ತಪ್ಪೇನಿತ್ತು, ಹೇಳಿ?

ಮತ್ತೆ ಕ್ಯಾಸನೂರಿಗೆ ಬರುತ್ತೇನೆ. ವೈರಸ್ ಸಿಕ್ಕರೆ ಅರ್ಧ ಕೆಲಸ ಮುಗಿದಂತಲ್ಲ. ಅದು ಬೇಸಿಗೆ ಕಳೆದ ಮೇಲೆ ಎಲ್ಲಿ ಅಡಗಿರುತ್ತದೆ? ಸಾಗರದಲ್ಲಿ ಬಿಡಾರ ಮಾಡಿಕೊಂಡು ವರ್ಷಗಟ್ಟಲೆ ಕಾಡು ಸುತ್ತಿದವರು ಮಾಡಿದ್ದೇನು ಗೊತ್ತೆ? ನಿಜವಾಗಿಯೂ ಬೆಟ್ಟ ಸುತ್ತಿ ಇಲಿ ಹಿಡಿದರು. ಬೋನಿಟ್ಟು ಕಾಡಿಲಿ, ಸೊಂಡಿಲಿಗಳನ್ನು ಹಿಡಿಯುವುದು, ಅವುಗಳ ಕಿವಿಯ ಸಂದಿಯ ಉಣ್ಣೆ ಮರಿಗಳನ್ನು ಚಿಮುಟದಿಂದ ಎತ್ತಿ ಎಣಿಸುವುದು, ಯಾವ ಜಾತಿ ಎಂದು ಬರೆದಿಡುವುದು, ರಕ್ತ ತೆಗೆದು ಪುಣೆಗೆ ಕಳಿಸುವುದು. ಹೀಗೆ ಎಣಿಸಿ ಎಣಿಸಿಯೇ ತಿಳಿದದ್ದು: ಉಣ್ಣೆ ತನ್ನ ಮರಿಗಾಲದಲ್ಲಿ ಇಂಥ ಸಣ್ಣ ಪ್ರಾಣಿಗಳ ಮೈಯಲ್ಲಿ ಬೆಳೆಯುತ್ತದೆ, ದೊಡ್ಡದಾದ ಮೇಲೆ ದನಗಳಿಗೆ ಹತ್ತುತ್ತದೆ, ನಡುವಿನ ಹಂತದಲ್ಲಿ ಸೌದೆಗೆ, ಸೊಪ್ಪು ದರಗಿಗೆ ಕಾಡಿಗೆ ಹೋದವರನ್ನು ಕಚ್ಚುತ್ತದೆ. ಸೌದೆಗೆ, ದರಗಿಗೆ ಹೋಗುವವರಲ್ಲಿ ಹೆಂಗಸರೆಷ್ಟು ಎಂದು ನಿಮಗೆ ಹೇಳಬೇಕಾಗಿಲ್ಲ.

ನಾವು ಅದಕ್ಕೆ 'ಮಂಗನ ಕಾಯಿಲೆ' ಎಂದು ಹೆಸರಿಟ್ಟೆವು. ಪಾಪ, ಮಂಗವೂ ನಮ್ಮ ಹಾಗೆಯೇ ಸಾಯುವ ಪ್ರಾಣಿ. ಕಚ್ಚುವುದು ಉಣ್ಣೆ, ಅದನ್ನು ಬೆಳೆಸುವುದರಲ್ಲಿ ಇಲಿಗೆ ಪಾಲು, ಕಾಡಿನಂಚನ್ನು ಕಡಿದು ದನ ನುಗ್ಗಿಸಿದವರು ನಾವು. ಹೆಸರು ಮಾತ್ರ ಮಂಗನಿಗೆ. ಕಣ್ಣಿಗೆ ದೊಡ್ಡದಾಗಿ ಬೀಳುವುದಕ್ಕೆ ಹೆಸರು ಕೊಟ್ಟು ಸಣ್ಣದನ್ನು ಮರೆಯುವ ನಮ್ಮ ಅಭ್ಯಾಸ ಇಲ್ಲೂ ಇದೆ, ನಮ್ಮ ಲೇಖನಗಳಲ್ಲೂ ಇದೆ.

ಇನ್ನೊಂದು ಮಾತು. ಈ ವೈರಸ್ಸಿನೊಡನೆ ಕೆಲಸ ಮಾಡಿದವರಿಗೆ ಅದು ತಗುಲುತ್ತಿತ್ತು. ಕಾಡಿನಲ್ಲಿ ಮಾತ್ರವಲ್ಲ, ಪ್ರಯೋಗಾಲಯದ ಒಳಗೇ. ಪುಣೆಯ ಪ್ರಯೋಗಾಲಯದವರಿಗೆ ತಗುಲಿದ ಸೋಂಕುಗಳ ಬಗ್ಗೆ ೧೯೭೯ರಲ್ಲಿ ಒಂದು ಪ್ರಬಂಧವೇ ಬಂದಿದೆ. ಅದಾದ ಬಹಳ ವರ್ಷಗಳಿಗೆ, ೨೦೧೨ರಲ್ಲಿ, ಅಪಾಯದ ವೈರಸ್ಸುಗಳಿಗೆಂದೇ ನಮ್ಮ ದೇಶದ ಮೊದಲ ಅತಿ ಭದ್ರ ಪ್ರಯೋಗಾಲಯ ಪುಣೆಯಲ್ಲಿ ಶುರುವಾಯಿತು. ಆ ಸಂಸ್ಥೆಗೆ ೧೯೭೮ರಿಂದ ೧೯೮೮ರವರೆಗೆ ನಿರ್ದೇಶಕಿಯಾಗಿದ್ದವರು ಖೋರ್ಷೆದ್ ಪಾವ್ರಿ, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಮಂಗನ ಕಾಯಿಲೆಯ ರೋಗಲಕ್ಷಣಗಳನ್ನು ಕ್ರೋಡೀಕರಿಸಿ ಅವರು ಬರೆದ ಪ್ರಬಂಧ ಇವತ್ತಿಗೂ ಆಧಾರ. ನಮ್ಮ ಮಲೆನಾಡಿನ ರೋಗಕ್ಕೆ ಇಷ್ಟು ದುಡಿದ ಈಕೆಯ ಮೇಲೆ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕವಾದರೂ ನನ್ನ ಕಪಾಟಿನಲ್ಲಿ ಇರಬೇಕಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ೨೦೦೮ರಲ್ಲಿ 'ಲೀಲಾವತೀಸ್ ಡಾಟರ್ಸ್' ಎಂಬ ಇಂಗ್ಲಿಷ್ ಪುಸ್ತಕ ತಂದಿತು. ರೋಹಿಣಿ ಗೋಡಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಕರು. ಸುಮಾರು ನೂರು ಜನ ಮಹಿಳಾ ವಿಜ್ಞಾನಿಗಳ ಬದುಕು, ಹೆಚ್ಚಿನವು ಅವರವರೇ ಬರೆದದ್ದು. ಹೆಣ್ಣುಮಗಳೊಬ್ಬಳು ವಿಜ್ಞಾನಕ್ಕೆ ಹೋಗುತ್ತೇನೆ ಎಂದರೆ ಅವಳ ಕೈಗೆ ಕೊಡಬೇಕಾದ ಪುಸ್ತಕ ಅದು. ನಾನೂ ಸೊಸೆಗೆ ಕೊಟ್ಟಿದ್ದೆ. ಆದರೆ ಎರಡು ಮೂರು ಪುಟದಲ್ಲಿ ಒಂದು ಬದುಕು ಹೇಳಬೇಕಾದಾಗ ಅಪ್ಪ, ಗಂಡ, ಗುರುಗಳಿಗೆ ಕೃತಜ್ಞತೆ ಹೇಳುವುದರಲ್ಲೇ ಅರ್ಧ ಜಾಗ ಹೋಗುತ್ತದೆ. ಮೇಲಾಗಿ ಅಲ್ಲಿರುವವರು ತಲುಪಿದವರು. ನಡುದಾರಿಯಲ್ಲಿ ನಿಂತವಳ ಪುಟ ಅಲ್ಲಿಲ್ಲ. ಅವಳಿಗೆ ಬೇಕಿದ್ದದ್ದು ಆ ಪುಟ.

ಕೊನೆಗೆ ನಾನೇ ಅವಳನ್ನು ಕೇಳಿದೆ, "ನೀನೇ ಬರಿ, ಒಂದು ದಿನದ್ದು" ಎಂದು. ಮೂರು ಹಾಳೆ ಬರೆದು ಕಳಿಸಿದಳು. ಅದರ ಕೆಲವು ಸಂಗತಿ ಅವಳ ಒಪ್ಪಿಗೆಯಿಂದ ಇಲ್ಲಿ ಹೇಳುತ್ತೇನೆ. ಪಂಜರದ ಕೆಳಗೆ ಹಾಸುವುದು ಭತ್ತದ ಹೊಟ್ಟು. ಅದನ್ನು ಪ್ರೆಷರ್ ಕುಕ್ಕರಿನಂಥ ದೊಡ್ಡ ಯಂತ್ರದಲ್ಲಿ ಹಬೆಗಿಟ್ಟು ಶುದ್ಧ ಮಾಡುತ್ತಾರಂತೆ. ಮೊದಲ ದಿನ ಆ ಬಿಸಿ ಹೊಟ್ಟಿನ ವಾಸನೆಗೆ ನಮ್ಮೂರಿನ ರೈಸ್ ಮಿಲ್ ನೆನಪಾಗಿ ಅತ್ತಳಂತೆ. ಅಲ್ಲಿ ದೀಪ ಹನ್ನೆರಡು ಗಂಟೆ ಹತ್ತಿರುತ್ತದೆ, ಹನ್ನೆರಡು ಗಂಟೆ ಆರಿರುತ್ತದೆ, ಇಲಿಗೆ ಹಗಲು ರಾತ್ರಿ ತಪ್ಪಬಾರದು. ಬಸುರಿ ಇಲಿಗೆ ಇಪ್ಪತ್ತು ದಿನ. ಈದ ಮೇಲೆ ಮರಿಯನ್ನು ಮುಟ್ಟಬೇಕಾದರೆ ಕೈಗವಸನ್ನು ಆ ತಾಯಿಯ ಹಾಸಿನಲ್ಲೇ ಚೆನ್ನಾಗಿ ಉಜ್ಜಿಕೊಳ್ಳಬೇಕು. ಬೇರೆ ವಾಸನೆ ಬಂದರೆ ತಾಯಿ ಮರಿಯನ್ನು ತಿಂದುಬಿಡಬಹುದು. ಯುಗಾದಿಯ ದಿನವೂ ಹೋಗಬೇಕು, ಭಾನುವಾರವೂ ಹೋಗಬೇಕು. ಎಷ್ಟು ಇಲಿ, ಏತಕ್ಕೆ, ಕಡಿಮೆ ಇಲಿಯಲ್ಲಿ ಆಗದೇ ಎಂದು ಸಮಿತಿಯ ಮುಂದೆ ಲೆಕ್ಕ ಒಪ್ಪಿಸಬೇಕು. ಪ್ರಯೋಗ ಮುಗಿದ ಮೇಲೆ ಉಳಿದವನ್ನೂ ಕೊಲ್ಲಬೇಕು.

ಆ ಕೊನೆಯ ವಾಕ್ಯದ ಹತ್ತಿರ ಅವಳೊಂದು ಟಿಪ್ಪಣಿ ಹಾಕಿದ್ದಳು. ಇ೦ಗ್ಲಿಷ್ ಪ್ರಬಂಧಗಳಲ್ಲಿ ಇದಕ್ಕೆ ಬಳಸುವ ಶಬ್ದ ಕನ್ನಡಕ್ಕೆ ಬಂದರೆ 'ಬಲಿ' ಎಂದಾಗುತ್ತದೆ. "ಅತ್ತೆ, ಬಲಿ ಅಂದ್ರೆ ನಂಗೆ ದುಗ್ಗಮ್ಮನ ಜಾತ್ರೆ ನೆನಪಾಗ್ತೈತೆ. ಅಲ್ಲಿ ಕೊಡೋರಿಗೆ ದೇವಿ ತಗಂಡ್ಲು ಅಂತ ಸಮಾಧಾನ. ಇಲ್ಲಿ ಯಾರು ತಗಂಡ್ರು?" ದಾವಣಗೆರೆಯ ದುಗ್ಗಮ್ಮನ ಜಾತ್ರೆ ಗೊತ್ತಿರುವವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. 'ಬಲಿ ನೀಡಲಾಯಿತು' ಎಂದು ಬರೆದರೆ ಕೊಟ್ಟವರು ಯಾರೆಂದು ಹೇಳಬೇಕಿಲ್ಲ. ಅವಳು ತನ್ನ ಹಾಳೆಯಲ್ಲಿ ಬರೆದದ್ದು 'ನಾನು ಕೊಂದೆ' ಎಂದು. ಒಂದು ಬೆಳಿಗ್ಗೆ ನಲವತ್ತು. ವೈರಸ್ಸಿನ ಸಂಗ್ರಹ ದುರ್ಬಲವಾಗಿದ್ದದ್ದು ಗೊತ್ತಾಗದೆ ಚುಚ್ಚಿದ್ದರಿಂದ ಒಂದು ಇಲಿಗೂ ಕಾಯಿಲೆ ಬರಲಿಲ್ಲ. ಫಲಿತಾಂಶವೇ ಇಲ್ಲದ ನಲವತ್ತು. ಆ ಸಂಜೆಯೇ ಅವಳಿಗೆ ಬಿಡಬೇಕು ಎನ್ನಿಸಿದ್ದು.

ಅದೇ ತಿಂಗಳು ನನ್ನ ಲೇಖನ ಅಚ್ಚಾಗಿ ಬಂತು. ಊರಿನವರು ಫೋನ್ ಮಾಡಿ ಅಭಿನಂದಿಸಿದರು. ಅಪ್ಪ ಅತ್ತನಂತೆ. "ದುರ್ಗೆ ಅಂತ ಬರ್ದುಬಿಟ್ಟಿದ್ದಿ. ದುರ್ಗೆ ಹೆಂಗೆ ಮನೀಗೆ ವಾಪಸ್ ಬರ್ತಾಳೆ, ಅತ್ತೆ?" ಎಂದು ಈಗ ಕೇಳುತ್ತಾಳೆ. ಹೊಗಳಿ ಬರೆದ ಬರಹದಿಂದ ಯಾರಿಗೂ ಕೆಡುಕಾಗುವುದಿಲ್ಲ ಎಂದು ತಿಳಿದಿದ್ದೆ.

ಆ ದಿನ ತಮ್ಮನ ಗಾದೆಗೆ ಉತ್ತರವಾಗಿ ನಾನು ಅವನಿಗೆ ಮಂಗನ ಕಾಯಿಲೆಯ ಲಸಿಕೆಯ ಕತೆ ಹೇಳಿದೆ. ಮೊದಲು ರಷ್ಯಾದ ಆ ದಾಯಾದಿ ವೈರಸ್ಸನ್ನು ಇಲಿಯ ಮೆದುಳಿನಲ್ಲಿ ಬೆಳೆಸಿ ಮಾಡಿದ ಲಸಿಕೆ ಹಾಕಿದರು, ಪ್ರಯೋಜನವಾಗಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶದಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಬೆಳೆಸಿ ಲಸಿಕೆ ಮಾಡಿದರು. ಎರಡು ಡೋಸು ಹಾಕಿಸಿಕೊಂಡವರಲ್ಲಿ ಶೇಕಡ ೯೩ಕ್ಕೂ ಹೆಚ್ಚು ರಕ್ಷಣೆ ಎಂದು ೧೯೯೪ರಲ್ಲಿ ವರದಿಯಾಯಿತು. ೨೦೦೫ರಿಂದ ೨೦೧೦ರವರೆಗಿನ ಲೆಕ್ಕ ನೋಡಿದಾಗ ಅದು ಶೇಕಡ ೬೨ರ ಹತ್ತಿರಕ್ಕೆ ಇಳಿದಿತ್ತು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ೨೦೨೨ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಹೊಸದಕ್ಕೆ ಕೆಲಸ ನಡೆದಿದೆ. ೧೯೫೭ರಿಂದ ಲೆಕ್ಕ ಹಾಕು, ಎಷ್ಟು ಜನರ ಇಡೀ ಆಯುಷ್ಯ ಇದರಲ್ಲಿ ಹೋಯಿತು, ಅವರದೆಲ್ಲ ದಂಡವೇನು ಎಂದೆ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವರು ಸಂಬಳ ತಗಂಡು ಮಾಡಿದ್ರು. ಇವಳಿಗೆ ಕೊಡೋದು ತಿಂಗಳಾ ತಿಂಗಳಾ ಸರಿಯಾಗಿ ಬರೋದಿಲ್ಲ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ ಯಾವ ಪುಸ್ತಕದಲ್ಲೂ ಸ್ಕಾಲರ್‌ಶಿಪ್ ತಡವಾಗಿ ಬರುವ ಮಾತು ಇದ್ದಂತೆ ನೆನಪಿಲ್ಲ. ಅದು ಇರಬೇಕಿತ್ತು. ಇಲಿ ಹೇಗೋ ಅದೂ ಹಾಗೆಯೇ ಆ ಬದುಕಿನ ಒಳಗಿನದು. ರಾತ್ರಿ ಮಲಗುವ ಮುಂಚೆ ಅವನು, "ಬಿಟ್ರೂ ಬಿಡ್ಲಿ, ಮುಗಿಸಿದ್ರೂ ಮುಗಿಸ್ಲಿ. ಫೋನ್ ಮಾಡು ನೀನೇ" ಅಂದ. ಮಾಡಿದೆ.

ಅವಳು ಇನ್ನೂ ಬಿಟ್ಟಿಲ್ಲ. ಪ್ರಬಂಧ ಬರೆಯುತ್ತಿದ್ದಾಳೆ. ಫಲಿತಾಂಶ ಬಾರದ ಆ ನಲವತ್ತನ್ನೂ ಒಂದು ಪಟ್ಟಿಯಲ್ಲಿ ಸೇರಿಸುತ್ತಾಳಂತೆ. ಮುಗಿದ ಮೇಲೆ ಆಸ್ಪತ್ರೆಯೊಂದರ ಪರೀಕ್ಷಾ ಪ್ರಯೋಗಾಲಯಕ್ಕೆ ಸೇರುವ ಯೋಚನೆ ಇದೆ, ಅಲ್ಲಿ ಇಲಿ ಇರುವುದಿಲ್ಲ ಎಂದಳು. ಮರುಕ್ಷಣವೇ, "ಇರೋದಿಲ್ಲ ಅಂದ್ರೆ ಒಂಥರಾ ಆಗ್ತೈತೆ" ಎಂದೂ ಅಂದಳು.

ಈ ವರ್ಷದ ಸಂಚಿಕೆಗೆ ಸಮಾಜದ ಕಾರ್ಯದರ್ಶಿಗಳು ಮತ್ತೆ ಲೇಖನ ಕೇಳಿದರು. 'ಬಿಳಿ ಕೋಟಿನ ದುರ್ಗೆ'ಯ ಮುಂದಿನ ಭಾಗವಿದ್ದರೆ ಕೊಡಿ ಎಂದರು. ಇದನ್ನು ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ಮೇಡಂ, ಚೆನ್ನಾಗೈತ್ರಿ. ಊಟಕ್ಕೆ ಮುಂಚೆ ಓದೋರೂ ಇರ್ತಾರೆ. ಇಲಿ ಸ್ವಲ್ಪ ಕಮ್ಮಿ ಮಾಡಿದ್ರೆ..." ಎಂದು ಎಳೆದರು.

ಊಟವಾದ ಮೇಲೆ ಓದಲು ಹೇಳಿ ಎಂದೆ. ಹಾಕಲಿಲ್ಲ. ಹಾಗಾಗಿ ಈ ಪುಸ್ತಕಕ್ಕೆ ಕೊಟ್ಟಿದ್ದೇನೆ, ಇಲಿಗಳ ಸಮೇತ.